ಮೈಕಟ್ಟು ಚೆನ್ನಾಗಿದೆ, ಇಂಜಿನ್ ಯಾರದ್ದು?

ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆ ಇದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವರು ಅವರು. ಹಾರಿಸುತ್ತಿದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನ. ಬೆನ್ನಟ್ಟಿ ಬಂದದ್ದು ಪಾಕಿಸ್ತಾನದ ಕೈಯಲ್ಲಿದ್ದ ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ ದೇವಯ್ಯ ತಿರುಗಿ ನಿಂತು ಅದನ್ನು ಹೊಡೆದುರುಳಿಸಿದರು. ಮರಳಿ ಬರಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಇಂಥ ಊರಿನವರು ಹೊಸ ಯುದ್ಧವಿಮಾನವನ್ನು ಸುಮ್ನೆ ನೋಡಿ ಚಪ್ಪಾಳೆ ತಟ್ಟುವುದಿಲ್ಲ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಎಎಂಸಿಎ ಎಂಬ ಸ್ವದೇಶಿ ಸ್ಟೆಲ್ತ್ (ರಾಡಾರಿಗೆ ಸುಲಭವಾಗಿ ಸಿಗದ) ವಿಮಾನದ ಪೂರ್ಣ ಗಾತ್ರದ ಮಾದರಿಯನ್ನು ನಿಲ್ಲಿಸಿದ್ದರು. ನೋಡಲು ಬಲು ಚೆಂದ. ಅದರ ಫೋಟೋ ಕೊಡಗಿನಲ್ಲೂ ಮೊಬೈಲಿಂದ ಮೊಬೈಲಿಗೆ ಓಡಾಡಿತು. ಸೈನ್ಯದಲ್ಲಿ ಇದ್ದು ಬಂದವರು ಇರುವ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಮಾತ್ರ ಬೇರೆ: ಇದಕ್ಕೆ ಇಂಜಿನ್ ಯಾರದ್ದು? ಹಾರುವುದು ಯಾವಾಗ?

ಈ ಸಂಶಯ ಇವತ್ತಿನದಲ್ಲ. ಅದಕ್ಕೆ ಅರವತ್ತು ವರ್ಷಗಳ ಕತೆ ಇದೆ.

1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ತಂಡ ಮತ್ತು ನಮ್ಮ ಇಂಜಿನಿಯರುಗಳು ಸೇರಿ ಎಚ್‌ಎಫ್-24 ಮಾರುತ್ ರೂಪಿಸಿದರು. 1961ರ ಜೂನ್ 17ರಂದು ಅದು ಹಾರಿತು. ಕೆಲಸ ಶುರುವಾಗಿ ಐದೇ ವರ್ಷ! ಇವತ್ತಿಗೂ ಹೊಸ ಯುದ್ಧವಿಮಾನವನ್ನು ಅಷ್ಟು ಬೇಗ ಹಾರಿಸಲು ನಮ್ಮಿಂದ ಆಗಿಲ್ಲ. ಶಬ್ದದ ಎರಡು ಪಟ್ಟು ವೇಗ ಮುಟ್ಟಬೇಕು ಎಂದು ಅದರ ಮೈಯನ್ನು ಕಟ್ಟಿದ್ದರು. ಆದರೆ ಅದಕ್ಕೆ ಬೇಕಾದ ಶಕ್ತಿಯ ಇಂಜಿನ್ ಸಿಗಲೇ ಇಲ್ಲ. ಬ್ರಿಟನ್ನಿನಲ್ಲಿ ತಯಾರಾಗುತ್ತಿದ್ದ ಆರ್ಫಿಯಸ್ ಎಂಬ ಇಂಜಿನ್ನಿನ ಬಲವಾದ ಮಾದರಿ ಅರ್ಧಕ್ಕೇ ನಿಂತಿತು. ಅದನ್ನು ಮುಗಿಸಲು ಹಣ ಹಾಕಲು ನಾವೂ ಒಪ್ಪಲಿಲ್ಲ. ಕೊನೆಗೆ ಕಡಿಮೆ ಶಕ್ತಿಯ ಆರ್ಫಿಯಸ್ 703 ಇಂಜಿನ್ನುಗಳನ್ನೇ ಎರಡು ಕೂರಿಸಿದರು. ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. 147 ಮಾರುತ್‌ಗಳು ತಯಾರಾದವು, 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಒಳ್ಳೆಯ ಕೆಲಸವನ್ನೂ ಮಾಡಿದವು. ಆದರೂ ಆ ವಿಮಾನದ ಕತೆ ಓದುವಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆಗ ಇಂಜಿನ್ನಿಗೆ ದುಡ್ಡು ಹಾಕಿದ್ದರೆ ಇಂದಿನ ಪರಿಸ್ಥಿತಿ ಬೇರೆಯೇ ಇರುತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ತೇಜಸ್ ಕತೆ ಬಹಳ ಜನರಿಗೆ ಗೊತ್ತು. 1983ರಲ್ಲಿ ಒಪ್ಪಿಗೆ, 2001ರ ಜನವರಿ 4ರಂದು ಮೊದಲ ಹಾರಾಟ, 2016ರಲ್ಲಿ ಮೊದಲ ಸ್ಕ್ವಾಡ್ರನ್ (ವಾಯುಪಡೆಯ ವಿಮಾನ ತುಕಡಿ). ಮೂವತ್ತಮೂರು ವರ್ಷ! ಅದಕ್ಕಾಗಿ 1989ರಲ್ಲಿ ಕಾವೇರಿ ಎಂಬ ಇಂಜಿನ್ ಯೋಜನೆ ಶುರುವಾಯಿತು. ತಲಕಾವೇರಿ ಇರುವ ಜಿಲ್ಲೆಯವರಿಗೆ ಆ ಹೆಸರು ಕೇಳಿದರೆ ಹೆಮ್ಮೆ ಆಗದೆ ಇರುತ್ತದೆಯೇ? ಆದರೆ ಬೇಕಾದಷ್ಟು ಶಕ್ತಿ ಬರಲಿಲ್ಲ. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ವಿಮಾನ ಅಮೆರಿಕದ ಜಿಇ ಕಂಪನಿಯ ಎಫ್-404 ಇಂಜಿನ್ ಮೇಲೆ ಹಾರುತ್ತಿದೆ. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಆರ್ಡರ್ ಕೊಟ್ಟರು. ಆ ಇಂಜಿನ್ನುಗಳು ಬರುವುದು ತಡವಾಯಿತು, ವಿಮಾನಗಳೂ ತಡವಾದವು. ಮಾದರಿಯನ್ನು ನಿಲ್ಲಿಸಿದ ಅದೇ ಏರೋ ಇಂಡಿಯಾದಲ್ಲಿ, ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರು ತೇಜಸ್ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್ ಮೇಲೆ ಸದ್ಯ ನಂಬಿಕೆ ಇಲ್ಲ ಎಂಬರ್ಥದ ಮಾತಾಡಿದ್ದು ಸುದ್ದಿಯಾಯಿತು. ವಾಯುಪಡೆಯ ಮುಖ್ಯಸ್ಥರೇ ಹೀಗೆ ಹೇಳುವಾಗ ನಮ್ಮ ಮಾಜಿ ಸೈನಿಕರು ಕೇಳಿದರೆ ಅದನ್ನು ದೇಶದ್ರೋಹ ಅನ್ನಲು ಆಗುತ್ತದೆಯೇ?

ಎಎಂಸಿಎಗೂ ಮೊದಲಿಗೆ ಹಾಕುವುದು ಜಿಇಯ ಎಫ್-414. 25 ಟನ್ ತೂಕದ ವಿಮಾನಕ್ಕೆ ಎರಡು ಇಂಜಿನ್. ಮುಂದಿನ ಹಂತಕ್ಕೆ ಹೆಚ್ಚು ಶಕ್ತಿಯ ಇಂಜಿನ್ನನ್ನು ಫ್ರಾನ್ಸಿನ ಸಾಫ್ರಾನ್ ಕಂಪನಿ ಜೊತೆ ಸೇರಿ ಮಾಡುವುದಾಗಿ 2025ರಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಹೇಳಿದ್ದಾರೆ. ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವ ಇರುವುದು ಇಲ್ಲಿ.

ಸ್ಟೆಲ್ತ್ ಎಂದರೆ ಕಣ್ಣಿಗೆ ಕಾಣದ ವಿಮಾನ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಲ್ಲ. ರಾಡಾರ್ ಅಲೆಗಳು ಬಡಿದಾಗ ಬಂದ ದಿಕ್ಕಿಗೇ ವಾಪಸ್ ಹೋಗದಂತೆ ಮೈಯನ್ನು ಓರೆಯಾಗಿ ಕಡೆದಿರುತ್ತಾರೆ. ಕ್ಷಿಪಣಿಗಳು ಹೊಟ್ಟೆಯೊಳಗೆ ಇರುತ್ತವೆ. ಗಾಳಿ ಒಳಗೆ ಹೋಗುವ ದಾರಿಯನ್ನು ಹಾವಿನಂತೆ ಬಳುಕಿಸಿರುತ್ತಾರೆ, ಇಂಜಿನ್ನಿನ ರೆಕ್ಕೆಗಳು ರಾಡಾರಿಗೆ ಸಿಗಬಾರದು ಅಂತ. ಮೇಲೆ ಅಲೆ ಹೀರುವ ಲೇಪ. ಇದರಲ್ಲಿ ಆಕಾರವೊಂದನ್ನು ಮಾತ್ರ ಮಾದರಿ ನೋಡಿ ಒಂದಿಷ್ಟು ಅಳೆಯಬಹುದು. ಉಳಿದದ್ದಕ್ಕೆಲ್ಲ ನಿಜವಾದ ವಿಮಾನವೇ ಬೇಕು.

ಕಾಯಲು ಸಮಯವೂ ಜಾಸ್ತಿ ಇಲ್ಲ. ಚೀನಾದ ಜೆ-20 ಸ್ಟೆಲ್ತ್ ವಿಮಾನ 2017ರಲ್ಲೇ ಸೇವೆಗೆ ಸೇರಿದೆ. ನಾವು ರಷ್ಯಾದ ಜೊತೆ ಸೇರಿ ಮಾಡಬೇಕಿದ್ದ ಐದನೇ ತಲೆಮಾರಿನ ಸ್ಟೆಲ್ತ್ ವಿಮಾನದ ಯೋಜನೆಯಿಂದ 2018ರಲ್ಲಿ ಹೊರಬಂದೆವು. 2025ರ ಸೆಪ್ಟೆಂಬರಿನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ, 42 ಸ್ಕ್ವಾಡ್ರನ್ ಇರಬೇಕಾದ ಕಡೆ 29 ಉಳಿದವು.

ಹಾಗಂತ ಎಲ್ಲವೂ ಹಳೆಯ ಹಾದಿಯಲ್ಲೇ ಇದೆ ಅನ್ನುವುದೂ ತಪ್ಪು. ಕಂಪ್ಯೂಟರ್ ನಿಯಂತ್ರಣದಲ್ಲಿ ಹಾರುವುದು, ಕಾರ್ಬನ್ ನಾರಿನ ಹಗುರ ಮೈ, ಇವೆಲ್ಲ ತೇಜಸ್‌ನಿಂದ ಕೈಗೆ ಬಂದ ವಿದ್ಯೆ. 1983ರಲ್ಲಿ ಇದು ನಮ್ಮಲ್ಲಿ ಇರಲಿಲ್ಲ. 2024ರ ಮಾರ್ಚಿನಲ್ಲಿ ಸುಮಾರು 15,000 ಕೋಟಿ ರೂಪಾಯಿಗೆ, ಎಎಂಸಿಎಯ ಐದು ಪ್ರೋಟೋಟೈಪ್‌ಗಳಿಗೆ (ಹಾರಿಸಿ ಪರೀಕ್ಷಿಸುವ ಮೊದಲ ವಿಮಾನಗಳಿಗೆ) ಒಪ್ಪಿಗೆ ಸಿಕ್ಕಿದೆ. 2025ರ ಮೇ ತಿಂಗಳಲ್ಲಿ ಖಾಸಗಿ ಕಂಪನಿಗಳೂ ಸ್ಪರ್ಧೆಗೆ ಇಳಿಯುವಂತೆ ಬಾಗಿಲು ತೆರೆದರು. ಒಬ್ಬರ ಅಂಗಳದಲ್ಲೇ ಎಲ್ಲ ನಿಲ್ಲುವುದು ಇದರಿಂದ ತಪ್ಪಬಹುದು.

ಎಎಂಸಿಎ ವಾಯುಪಡೆಗೆ ಸೇರಲು ಇಟ್ಟುಕೊಂಡಿರುವ ಗುರಿ 2035ರ ಆಸುಪಾಸು. ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ. 2025ರಲ್ಲಿ ಅಲ್ಲಿ ಆರನೇ ತರಗತಿಗೆ ಸೇರಿದ ಮಗುವಿಗೆ ಆ ಹೊತ್ತಿಗೆ ಇಪ್ಪತ್ತೊಂದರ ಆಜುಬಾಜು, ಪೈಲಟ್ ತರಬೇತಿ ಪಡೆಯುವ ವಯಸ್ಸು. ಇಂಜಿನ್ ಯಾರದ್ದು ಅಂತ ನಾವು ಈಗಲೇ ಕೇಳುತ್ತಿರುವುದು ಆ ಮಗುವಿಗಾಗಿ.