ಕ್ಯಾಮೆರಾ ಎಲ್ಲಿ ನಿಂತಿತ್ತು?

ಒಂದು ಫೋಟೋ ಕೊಟ್ಟು ಇದನ್ನ ತೆಗೆದಾಗ ಕ್ಯಾಮೆರಾ ಎಲ್ಲಿತ್ತು, ಯಾವ ಕಡೆ ತಿರುಗಿತ್ತು ಹೇಳು ಅಂದ್ರೆ ಉತ್ತರ ಬರೀ ಆರು ನಂಬರ್, ಜಾಗಕ್ಕೆ ಮೂರು, ತಿರುಗಿರೋದಕ್ಕೆ ಮೂರು. ಆದ್ರೆ ಅದಕ್ಕೂ ಮೊದಲು ಲೆನ್ಸ್ ಎಂಥದ್ದು ಅಂತ ಗೊತ್ತಿರಬೇಕು, ಫೋಕಲ್ ಲೆಂತ್ (ಲೆನ್ಸ್ ಎಷ್ಟು ಹಿಗ್ಗಿಸಿ ತೋರಿಸತ್ತೆ ಅನ್ನೋ ಅಳತೆ) ಎಷ್ಟು ಪಿಕ್ಸೆಲ್, ಚಿತ್ರದ ನಿಜವಾದ ನಡು ಎಲ್ಲಿದೆ, ಅಂಚಲ್ಲಿ ನೇರ ಗೆರೆ ಎಷ್ಟು ಬಾಗತ್ತೆ ಅಂತ. ಇದನ್ನ ಕಂಡುಹಿಡಿಯೋದೇ ಕ್ಯಾಲಿಬ್ರೇಶನ್.

ಸಾಮಾನ್ಯವಾಗಿ ಚೆಸ್‌ಬೋರ್ಡ್ ಥರ ಕಪ್ಪು ಬಿಳಿ ಚೌಕಗಳನ್ನ ಪ್ರಿಂಟ್ ಮಾಡಿ, ಸಪಾಟಾದ ಹಲಗೆಗೆ ಅಂಟಿಸಿ, ಬೇರೆಬೇರೆ ಕೋನದಿಂದ ಫೋಟೋ ತೆಗೀತಾರೆ. ಝೆಂಗ್ಯೂ ಝಾಂಗ್ 2000ರಲ್ಲಿ ಪ್ರಕಟಿಸಿದ ವಿಧಾನ ಇದು, ಇವತ್ತಿಗೂ ಓಪನ್‌ಸಿವಿ ಅನ್ನೋ ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಎಲ್ಲರೂ ಬಳಸೋದು ಹೆಚ್ಚುಕಮ್ಮಿ ಇದನ್ನೇ.

ನಾನು ಮೊದಲ ಸಲ ಮಾಡಿದಾಗ ಬೋರ್ಡನ್ನ ನೀಟಾಗಿ ಕ್ಯಾಮೆರಾಗೆ ಎದುರಾಗೇ ಹಿಡಿದು ಇಪ್ಪತ್ತು ಫೋಟೋ ತೆಗೆದೆ, ರಿಪ್ರೊಜೆಕ್ಷನ್ ಎರರ್ (ಲೆಕ್ಕದ ಪ್ರಕಾರ ಚೌಕದ ಮೂಲೆಗಳು ಬೀಳಬೇಕಾದ ಜಾಗಕ್ಕೂ ಚಿತ್ರದಲ್ಲಿ ಕಂಡ ಜಾಗಕ್ಕೂ ಇರೋ ಅಂತರ) 0.2 ಪಿಕ್ಸೆಲ್ ಬಂತು, ಭಾರೀ ಖುಷಿ, ಆಮೇಲೆ ದೂರ ಅಳೆದ್ರೆ ಎಲ್ಲಾ ತಪ್ಪು! ಯಾಕೆ ಅಂದ್ರೆ, 25 ಮಿಮೀ ಚೌಕ ಅರ್ಧ ಮೀಟರ್ ದೂರದಲ್ಲಿದ್ದು ಫೋಕಲ್ ಲೆಂತ್ 1000 ಪಿಕ್ಸೆಲ್ ಆದ್ರೆ ಅದು 50 ಪಿಕ್ಸೆಲ್ ಅಗಲ ಕಾಣತ್ತೆ. ಒಂದು ಮೀಟರ್ ದೂರ, ಫೋಕಲ್ ಲೆಂತ್ 2000 ಆದ್ರೂ ಅದೇ 50. ಎದುರಿಂದ ನೋಡಿದ್ರೆ ಎರಡಕ್ಕೂ ವ್ಯತ್ಯಾಸನೇ ಇಲ್ಲ, ಎರರ್ ಎರಡರಲ್ಲೂ ಚಿಕ್ಕದೇ. ಈಗ ಬೋರ್ಡನ್ನ ಓರೆ ಮಾಡಿ, ಆಚೆ ತುದಿ 100 ಮಿಮೀ ಹಿಂದೆ ಹೋಗೋ ಹಾಗೆ. ಆ ತುದಿಯ ಚೌಕದ ಅಗಲ ಮೊದಲನೇದ್ರಲ್ಲಿ ಸುಮಾರು 42 ಪಿಕ್ಸೆಲ್, ಎರಡನೇದ್ರಲ್ಲಿ 45. ಗುಟ್ಟು ಬಯಲಾಗೋದು ಈ ಮೂರ್ನಾಲ್ಕು ಪಿಕ್ಸೆಲ್‌ನಲ್ಲೇ. ಹಾಗಾಗಿ ಬೋರ್ಡನ್ನ ಓರೆಕೋರೆಯಾಗಿ ಹಿಡೀಬೇಕು, ಚಿತ್ರದ ಮೂಲೆಮೂಲೆಗೂ ಒಯ್ಯಬೇಕು, ಲೆನ್ಸ್ ಬಾಗಿಸೋದು ಅಲ್ಲೇ ಜಾಸ್ತಿ ತಾನೇ. ಆಟೋಫೋಕಸ್ ಆಫ್ ಮಾಡೋದು ಮರೀಬೇಡಿ, ಫೋಕಸ್ ಬದಲಾದ್ರೆ ಈ ನಂಬರ್‌ಗಳೂ ಜಾರತ್ತೆ.

ಲೆನ್ಸ್ ಗೊತ್ತಾದ ಮೇಲೆ ಜಾಗ ಹುಡುಕೋದು ಹಳೇ ಲೆಕ್ಕ. ಜಾಗ ಗೊತ್ತಿರೋ ಮೂರು ಬಿಂದು ಚಿತ್ರದಲ್ಲಿ ಕಂಡ್ರೆ ಸಾಕು ಅಂತ ಜರ್ಮನಿಯ ಗಣಿತಜ್ಞ ಗ್ರುನರ್ಟ್ 1841ರಲ್ಲೇ ಬಿಡಿಸಿ ತೋರಿಸಿದ್ದ, ಫೋಟೋಗ್ರಫಿ ಆಗಿನ್ನೂ ಕೂಸು. ಆದ್ರೆ ಮೂರೇ ಬಿಂದು ಇದ್ರೆ ನಾಲ್ಕು ಉತ್ತರದ ತನಕ ಬರಬಹುದು, ಯಾವುದು ಸರಿ ಅಂತ ಹೇಳೋಕೆ ಇನ್ನೊಂದು ಬಿಂದು ಬೇಕು. ಬಿಂದುಗಳಲ್ಲಿ ಕೆಲವು ತಪ್ಪಾಗಿ ಹೊಂದಿಸಿದ್ದಾಗಿದ್ರೆ? ಫಿಷ್ಲರ್ ಮತ್ತು ಬೋಲ್ಸ್ 1981ರಲ್ಲಿ ಕೊಟ್ಟ ರಾನ್ಸ್ಯಾಕ್ ಇದಕ್ಕೇ ಇರೋದು, ಸುಮ್ಮನೆ ಒಂದಷ್ಟು ಬಿಂದು ಆರಿಸಿ ಉತ್ತರ ತೆಗೆದು, ಅದಕ್ಕೆ ಎಷ್ಟು ಬಿಂದು ಹೂಂ ಅನ್ನತ್ತೆ ಅಂತ ಎಣಿಸೋದು, ಮತ್ತೆ ಮತ್ತೆ.

ಉತ್ತರ ಬಂದ್ಮೇಲೂ ಎಡವೋ ಜಾಗ ಒಂದಿದೆ. ಓಪನ್‌ಸಿವಿ ಕೊಡೋ ಟ್ರಾನ್ಸ್‌ಲೇಶನ್, ಅಂದ್ರೆ ಜಾಗದ ಮೂರು ನಂಬರ್, ಕ್ಯಾಮೆರಾ ಇರೋ ಜಾಗ ಅಲ್ಲ, ಕ್ಯಾಮೆರಾ ಕಡೆಯಿಂದ ನೋಡಿದ್ರೆ ಬೋರ್ಡಿನ ಮೂಲಬಿಂದು ಎಲ್ಲಿದೆ ಅನ್ನೋದು. ನಮಗೆ ಬೇಕಾದ್ದು ಸಿಗಬೇಕಾದ್ರೆ ರೊಟೇಶನ್ನನ್ನ (ತಿರುಗಿರೋದನ್ನ ಹೇಳೋ ಭಾಗ) ತಿರುವುಮುರುವು ಮಾಡಿ ಅದರಿಂದ ಟ್ರಾನ್ಸ್‌ಲೇಶನ್ನನ್ನ ಗುಣಿಸಿ ಮೈನಸ್ ಹಾಕಬೇಕು.

ಇನ್ನು ಪ್ರಿಂಟರ್. ಪೇಜಿಗೆ ಹೊಂದಿಸ್ತೀನಿ ಅಂತ ಅದು 25 ಮಿಮೀ ಚೌಕವನ್ನ 24 ಮಾಡಿಟ್ಟು, ನಾವು ಲೆಕ್ಕಕ್ಕೆ 25 ಅಂತಲೇ ಕೊಟ್ರೆ ಫೋಕಲ್ ಲೆಂತ್‌ಗೆ ಏನೂ ಆಗಲ್ಲ, ಎರರ್ ಕೂಡ ಬದಲಾಗಲ್ಲ, ಆದ್ರೆ ದೂರಗಳೆಲ್ಲಾ ನೂರಕ್ಕೆ ನಾಲ್ಕರಷ್ಟು ಜಾಸ್ತಿ ತೋರಿಸತ್ತೆ. ಅದಕ್ಕೇ ಈಗ ಹಾಳೆ ಹೊರಗೆ ಬಂದ ತಕ್ಷಣ ಸ್ಕೇಲ್ ಹಿಡಿದು ಅಳೀತೀನಿ, ಒಂದು ಚೌಕ ಅಲ್ಲ, ಹತ್ತು ಒಟ್ಟಿಗೆ.