ರವೆ ತಿಂದು ಫೈರ್ ಆ್ಯಂಟ್ ಸಾಯುವುದಿಲ್ಲ

ಪ್ರಶ್ನೆ: ನಾವು ಹ್ಯೂಸ್ಟನ್ ಹತ್ತಿರ ಮನೆ ಮಾಡಿದ್ದೇವೆ. ಹಿತ್ತಲಿನ ಬೆಂಡೆ ಮತ್ತು ಬದನೆ ಮಡಿಗಳಲ್ಲಿ ಫೈರ್ ಆ್ಯಂಟ್ ಎಂಬ ಉರಿ ಎಬ್ಬಿಸುವ ಇರುವೆಗಳು ಗೂಡು ಕಟ್ಟಿವೆ. ಮಕ್ಕಳು ಓಡಾಡುವ ಜಾಗ, ನಾವೇ ತಿನ್ನುವ ತರಕಾರಿ. ಹಾಗಾಗಿ ವಿಷ ಹಾಕಲು ಮನಸ್ಸಿಲ್ಲ. ರವೆ ಉದುರಿಸಿದರೆ ಅವು ತಿಂದು, ನೀರು ಕುಡಿದು, ಹೊಟ್ಟೆಯುಬ್ಬಿ ಸಾಯುತ್ತವೆ ಎಂದು ಪರಿಚಯದವರೊಬ್ಬರು ಹೇಳಿದರು. ಎಷ್ಟು ಹಾಕಬೇಕು? ಸಣ್ಣ ರವೆಯೋ, ದಪ್ಪ ರವೆಯೋ?

ಉತ್ತರ: ಚಿರೋಟಿ ರವೆಯೂ ಬೇಡ, ಬನ್ಸಿ ರವೆಯೂ ಬೇಡ, ಎರಡನ್ನೂ ಅಡುಗೆಮನೆಯಲ್ಲೇ ಇಟ್ಟುಕೊಳ್ಳಿ. ವಸಂತದ ಮಳೆ ಬಿದ್ದು ಗೂಡುಗಳು ನೆಲದ ಮೇಲೆ ಏಳುತ್ತಿದ್ದಂತೆಯೇ ಟೆಕ್ಸಸ್‌ನಲ್ಲಿ ತರಕಾರಿ ಬೆಳೆಯುವ ಕನ್ನಡಿಗರಿಂದ ಈ ಪ್ರಶ್ನೆ ಬರಲು ಆರಂಭವಾಗುತ್ತದೆ, ಸೆಪ್ಟೆಂಬರ್ ಮಳೆಗೆ ಇನ್ನೊಂದು ಸುತ್ತು ಬರುತ್ತದೆ. ಒಮ್ಮೊಮ್ಮೆ ರವೆಯ ಜಾಗದಲ್ಲಿ ಅಕ್ಕಿನುಚ್ಚು ಇರುತ್ತದೆ, ಒಮ್ಮೊಮ್ಮೆ ಇಲ್ಲಿನವರು ಬೆಳಗಿನ ತಿಂಡಿಗೆ ಬೇಯಿಸುವ ಗ್ರಿಟ್ಸ್ ಎಂಬ ಮೆಕ್ಕೆಜೋಳದ ರವೆ ಇರುತ್ತದೆ; ಹೊಟ್ಟೆ ಒಡೆಯುವ ಕಥೆ ಮಾತ್ರ ಬದಲಾಗುವುದಿಲ್ಲ. ಇದಕ್ಕೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಬರೆದು ಸಾಕಾಗಿರುವುದರಿಂದ, ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಬೆಳೆದ ಇರುವೆ ಗಟ್ಟಿ ಆಹಾರವನ್ನು ನುಂಗುವುದೇ ಇಲ್ಲ. ಅದರ ಬಾಯಿಯೊಳಗೆ, ಗಂಟಲಿಗಿಂತ ಮುಂಚೆ, ಒಂದು ಸಣ್ಣ ಚೀಲವೂ ಸೋಸುವ ರೋಮಗಳ ಸಾಲೂ ಇರುತ್ತವೆ. ದ್ರವ ಮಾತ್ರ ಒಳಗೆ ಹೋಗುತ್ತದೆ. ಸುಮಾರು ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ, ದೊಡ್ಡದಾದ ಕಣವೆಲ್ಲ ಅಲ್ಲಿಯೇ ತಡೆಯಲ್ಪಟ್ಟು, ಉಂಡೆಯಾಗಿ ಹೊರಗೆ ಉಗುಳಲ್ಪಡುತ್ತದೆ. ಅತಿ ನುಣ್ಣಗಿನ ಚಿರೋಟಿ ರವೆಯ ಕಾಳು ಕೂಡ ಮೈಕ್ರಾನ್ ಲೆಕ್ಕದಲ್ಲಿ ನೂರಾರು ಪಟ್ಟು ದೊಡ್ಡದು. ರವೆ ನೀರಿನಲ್ಲಿ ಉಬ್ಬುವುದಿಲ್ಲವೇ ಎಂದು ಕೇಳುವವರಿಗೆ ಹೇಳುತ್ತೇನೆ: ಉಬ್ಬುತ್ತದೆ. ರವೆ ಇಡ್ಲಿಗೆ ಮೊಸರಿನಲ್ಲಿ ಕಲಸಿಟ್ಟ ಹಿಟ್ಟು ಅರ್ಧ ಗಂಟೆಯಲ್ಲಿ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಉಬ್ಬಬೇಕಾದರೆ ಆ ಕಾಳು ಹೊಟ್ಟೆಯೊಳಗೆ ಇರಬೇಕಷ್ಟೆ. ಅದು ಅಲ್ಲಿಗೆ ತಲುಪುವ ದಾರಿಯೇ ಇಲ್ಲ.

ಹಾಗಾದರೆ ಇರುವೆಗಳು ಹೊತ್ತುಕೊಂಡು ಹೋಗುವ ಗಟ್ಟಿ ತುಣುಕುಗಳೆಲ್ಲ ಏನಾಗುತ್ತವೆ? ಗೂಡಿನೊಳಗೆ ಬೆಳೆಯುತ್ತಿರುವ ಮರಿಹುಳುಗಳಿರುತ್ತವೆ. ಅವುಗಳಲ್ಲಿ ಕೊನೆಯ ಹಂತಕ್ಕೆ, ಅಂದರೆ ನಾಲ್ಕನೆಯ ಹಂತಕ್ಕೆ ಬಂದ ಮರಿಗಳ ಬಾಯಿಯ ಕೆಳಗೆ ಆಹಾರ ಇಡಲು ಒಂದು ತಗ್ಗು ಇರುತ್ತದೆ. ದುಡಿಯುವ ಇರುವೆಗಳು ತುಣುಕನ್ನು ಅಲ್ಲಿ ಇಡುತ್ತವೆ, ಮರಿ ಜೀರ್ಣರಸ ಸುರಿಸಿ ಅದನ್ನು ಕರಗಿಸುತ್ತದೆ, ಕರಗಿದ ರಸವನ್ನು ದುಡಿಯುವ ಇರುವೆಗಳು ಮತ್ತೆ ಹೀರಿಕೊಂಡು ಬಾಯಿಂದ ಬಾಯಿಗೆ ಇಡೀ ಗೂಡಿಗೆ, ಕೊನೆಗೆ ರಾಣಿಗೆ, ಹಂಚುತ್ತವೆ. ಕೂಡುಕುಟುಂಬದಲ್ಲಿ ಹಲ್ಲಿರುವುದು ಕೂಸುಗಳಿಗೆ ಮಾತ್ರ ಎಂಬಂಥ ಏರ್ಪಾಡು ಇದು. ಈ ಏರ್ಪಾಡನ್ನು ಅರ್ಥ ಮಾಡಿಕೊಂಡವರಿಗೆ ಫೈರ್ ಆ್ಯಂಟ್ ನಿವಾರಣೆಯ ಮುಕ್ಕಾಲು ಪಾಲು ಅರ್ಥವಾದಂತೆಯೇ, ಏಕೆಂದರೆ ಕೆಲಸ ಮಾಡುವ ಪ್ರತಿಯೊಂದು ಆಮಿಷವೂ, ಅಂದರೆ ಮದ್ದು ಬೆರೆಸಿ ಒಡ್ಡುವ ತಿನಿಸೂ, ಇದೇ ಹಂಚಿಕೆಯ ದಾರಿಯನ್ನು ಹಿಡಿದು ರಾಣಿಯನ್ನು ತಲುಪುತ್ತದೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕುವುದು ಇರುವೆಗಳಿಗೂ ಒಂದು ತುತ್ತು ಸಿಗಲೆಂದು, ಎಂದು ಅಜ್ಜಿಯರಿಂದ ಕೇಳಿಕೊಂಡು ಬೆಳೆದ ನಾವೇ, ವಿಮಾನ ಹತ್ತಿ ಇಲ್ಲಿಗೆ ಬಂದ ಮೇಲೆ ಅಕ್ಕಿನುಚ್ಚು ತಿಂದ ಇರುವೆ ಸಿಡಿದು ಸಾಯುತ್ತದೆ ಎಂದು ನಂಬುತ್ತೇವೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲವಲ್ಲ!

ಈ ನಂಬಿಕೆ ಎಲ್ಲಿಂದ ಬಂದಿರಬಹುದು ಎಂಬುದಕ್ಕೆ ನನ್ನದೊಂದು ಊಹೆಯಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1960ರ ದಶಕದಿಂದ ಈ ಇರುವೆಗಳ ಮೇಲೆ ಮೈರೆಕ್ಸ್ ಎಂಬ ವಿಷವನ್ನು ವಿಮಾನಗಳಿಂದ ಸುರಿಯಲಾಯಿತು. ಮೆಕ್ಕೆಜೋಳದ ದಿಂಡಿನ ಪುಡಿಗೆ ಸೋಯಾ ಎಣ್ಣೆ ಹೀರಿಸಿ, ಆ ಎಣ್ಣೆಯಲ್ಲಿ ಮೈರೆಕ್ಸ್ ಕರಗಿಸಿ ಅದನ್ನು ತಯಾರಿಸುತ್ತಿದ್ದರು. ಪ್ರಾಣಿಪಕ್ಷಿಗಳ ಮೈಯಲ್ಲೂ ನೀರಿನಲ್ಲೂ ಉಳಿದುಬಿಡುವ ವಿಷವಾದ್ದರಿಂದ 1978ರ ಹೊತ್ತಿಗೆ ಅದರ ಬಳಕೆ ನಿಂತಿತು. 1980ರಲ್ಲಿ ಬಂದ ಇನ್ನೊಂದು ವಿಷವಾದ ಹೈಡ್ರಾಮೆಥಿಲ್‌ನಾನ್ ಆಮಿಷಕ್ಕೂ ಜಿಡ್ಡು ತೆಗೆದ ಮೆಕ್ಕೆಜೋಳದ ರವೆಯೇ ವಾಹಕ. ಡಬ್ಬಿ ತೆರೆದರೆ ಕಾಣುವುದು ಹಳದಿ ರವೆ, ಉದುರಿಸಿದ ಕೆಲವು ವಾರಗಳಲ್ಲಿ ಗೂಡು ಸತ್ತಿರುತ್ತದೆ. ನೋಡಿದವರು ರವೆಯೇ ಕೊಂದಿತು ಎಂದುಕೊಂಡಿರಬೇಕು. ನಿಜಕ್ಕೂ ರವೆ ಅಲ್ಲಿ ಎಣ್ಣೆಯನ್ನು ಹೊತ್ತು ತಂದದ್ದು ಮಾತ್ರ. ಇರುವೆ ಆ ಎಣ್ಣೆಯನ್ನು ಹೀರಿ, ರವೆಯನ್ನು ಹೊರಗೆ ಎಸೆಯುತ್ತದೆ. ವಿಷವಿಲ್ಲದ ರವೆಯನ್ನು ತುಪ್ಪದಲ್ಲಿ ಹುರಿದು ಹಾಕಿದರೆ ಅವು ಖಂಡಿತ ಬರುತ್ತವೆ, ಆದರೆ ಅದು ಊಟ ಹಾಕಿದಂತಾಯಿತೇ ಹೊರತು ಆಮಿಷ ಒಡ್ಡಿದಂತಾಗಲಿಲ್ಲ.

“ಆದರೆ ನಮ್ಮ ಮನೆಯಲ್ಲಿ ಕೆಲಸ ಮಾಡಿತು” ಎನ್ನುವವರಿಗೆ ಉತ್ತರ ಸುಲಭ. ಗೂಡನ್ನು ಯಾವುದೇ ರೀತಿಯಲ್ಲಿ ಕೆಣಕಿದರೂ ಕುಟುಂಬ ಕೆಲವು ಅಡಿ ಆಚೆಗೆ ವಲಸೆ ಹೋಗುತ್ತದೆ, ಹಳೆಯ ಗುಡ್ಡೆ ಖಾಲಿಯಾಗಿ ಕಾಣುತ್ತದೆ. ಬೇಸಿಗೆಯ ಒಣ ಬಿಸಿಲಿಗೆ ಅವು ಆಳಕ್ಕಿಳಿದು ಮಣ್ಣಿನ ಗುಡ್ಡೆ ಕಟ್ಟುವುದನ್ನೇ ನಿಲ್ಲಿಸುತ್ತವೆ. ಮೇ ತಿಂಗಳಲ್ಲಿ ರವೆ ಹಾಕಿದವರು ಜುಲೈಯಲ್ಲಿ ಗೆದ್ದೆವೆಂದು ಬೀಗಿ, ಮೊದಲ ಮಳೆಗೆ ಬೇಲಿಯ ಪಕ್ಕದಲ್ಲಿ ಅದೇ ಗೂಡನ್ನು ಕಂಡು ಪಕ್ಕದ ಮನೆಯಿಂದ ಬಂತು ಎನ್ನುತ್ತಾರೆ. ಸೋಡಾ, ವಿನೆಗರ್, ಅರಿಶಿನ, ಒಂದು ಗೂಡಿನ ಮಣ್ಣನ್ನು ಇನ್ನೊಂದಕ್ಕೆ ಸುರಿದು ಜಗಳ ಹಚ್ಚುವುದು, ಇವೆಲ್ಲವೂ ಇದೇ ಲೆಕ್ಕಕ್ಕೆ ಸೇರಿದವು. ಪೆಟ್ರೋಲ್ ಸುರಿಯುವುದನ್ನು ಮಾತ್ರ ಈ ನಿರುಪದ್ರವಿ ಪಟ್ಟಿಗೆ ಸೇರಿಸಲಾರೆ. ಅದು ಬೆಂಕಿಯ ಅಪಾಯ, ಮಣ್ಣಿಗೂ ಅಂತರ್ಜಲಕ್ಕೂ ವಿಷ, ಕಾನೂನಿಗೂ ವಿರುದ್ಧ.

ಈಗ ಮಾಡಬೇಕಾದ್ದು. ತರಕಾರಿ ಮಡಿಯಲ್ಲಿ ಬಳಸಬಹುದೆಂದು ಲೇಬಲ್‌ನಲ್ಲಿಯೇ ಬರೆದಿರುವ ಆಮಿಷವನ್ನು ಮಾತ್ರ ಮಡಿಯೊಳಗೆ ಬಳಸಬೇಕು. ಅಂಥವುಗಳಲ್ಲಿ ಮುಖ್ಯವಾದವು ಎರಡು: ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ ದೊರೆಯುವ ಸ್ಪಿನೊಸ್ಯಾಡ್ ಇರುವ ಆಮಿಷಗಳು, ಮತ್ತು ಮರಿಗಳು ಬೆಳೆಯದಂತೆ ತಡೆಯುವ ಮೆಥೊಪ್ರೀನ್ ಇರುವ ಕೆಲವು ಆಮಿಷಗಳು. ಸ್ಪಿನೊಸ್ಯಾಡ್ ಕೆಲವೇ ವಾರಗಳಲ್ಲಿ ಫಲ ತೋರಿಸುತ್ತದೆ, ಸಾವಯವ ಕೃಷಿಗೆ ಒಪ್ಪಿತವಾದ ತಯಾರಿಕೆಗಳೂ ಸಿಗುತ್ತವೆ. ಮೆಥೊಪ್ರೀನ್‌ಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಹೈಡ್ರಾಮೆಥಿಲ್‌ನಾನ್ ಆಮಿಷವನ್ನು ಹುಲ್ಲುಹಾಸಿಗೆ ಹಾಕಬಹುದು, ತರಕಾರಿ ಮಡಿಯೊಳಗೆ ಹಾಕಬಾರದು. ಆದರೆ ಮಡಿಗೆ ಬರುವ ಇರುವೆಗಳಲ್ಲಿ ಬಹುಪಾಲು ಸುತ್ತಲಿನ ಹುಲ್ಲಿನೊಳಗಿನ ಗೂಡುಗಳವೇ ಆಗಿರುವುದರಿಂದ, ಹೊರಗೆ ಉದುರಿಸಿದ ಆಮಿಷವೇ ಎಷ್ಟೋ ಸಲ ಒಳಗಿನ ಕೆಲಸವನ್ನೂ ಮಾಡಿ ಮುಗಿಸುತ್ತದೆ.

ಆಮಿಷ ಹಾಕುವ ಕ್ರಮದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಗೂಡಿನ ನೆತ್ತಿಯ ಮೇಲೆ ಸುರಿಯಬಾರದು, ಗೂಡನ್ನು ಕೋಲಿನಿಂದ ಕೆದಕಬಾರದು. ಈ ಇರುವೆಗಳು ಗುಡ್ಡೆಯ ನಡುವಿನಿಂದ ಹೊರಬರುವುದಿಲ್ಲ. ನೆಲದಡಿಯ ಸುರಂಗಗಳಲ್ಲಿ ಹೋಗಿ ದೂರದಲ್ಲಿ ಮೇಲೇಳುತ್ತವೆ. ಆದ್ದರಿಂದ ಗೂಡಿನ ಸುತ್ತಲೂ, ಅದಕ್ಕಿಂತ ಒಳ್ಳೆಯದೆಂದರೆ ಇಡೀ ಹಿತ್ತಲಿಗೆ, ತೆಳುವಾಗಿ ಉದುರಿಸಬೇಕು. ಇಡೀ ಎಕರೆಗೆ ಒಂದರಿಂದ ಒಂದೂವರೆ ಪೌಂಡ್ ಸಾಕು ಎಂದರೆ ಎಷ್ಟು ತೆಳುವೆಂದು ಊಹಿಸಿಕೊಳ್ಳಿ. ಮೊದಲು ಒಂದು ಆಲೂಗಡ್ಡೆ ಚಿಪ್ಸ್ ಅನ್ನು ನೆಲದ ಮೇಲೆ ಇಟ್ಟು ನೋಡಿ: ಅರ್ಧ ಗಂಟೆಯೊಳಗೆ ಇರುವೆ ಮುತ್ತಿದರೆ ಅವು ಆಹಾರ ಹುಡುಕುತ್ತಿವೆ ಎಂದರ್ಥ, ಮುತ್ತದಿದ್ದರೆ ಆ ಹೊತ್ತಿಗೆ ಆಮಿಷ ವ್ಯರ್ಥ. ನೆಲದ ಬಿಸಿ ಸುಮಾರು 70ರಿಂದ 95 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಅವು ಚುರುಕಾಗಿರುತ್ತವೆ. ಬೇಸಿಗೆಯಲ್ಲಿ ಅದು ಸಂಜೆಯ ನಂತರವೇ. ಹಾಕಿದ ಮೇಲೆ ಒಂದು ದಿನವಾದರೂ ಮಳೆಯಾಗಲೀ ಸ್ಪ್ರಿಂಕ್ಲರ್ ನೀರಾಗಲೀ ಬೀಳಬಾರದು. ಕಳೆದ ವರ್ಷ ತೆರೆದಿಟ್ಟ ಡಬ್ಬಿಯ ಎಣ್ಣೆ ಕಮಟಿರುತ್ತದೆ. ಅದನ್ನು ಇರುವೆ ಮೂಸಿಯೂ ನೋಡುವುದಿಲ್ಲ. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಒಮ್ಮೆ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಒಮ್ಮೆ, ಇಷ್ಟು ಮಾಡಿದರೆ ಸಾಕಾಗುತ್ತದೆ.

ಅಷ್ಟು ದಿನ ಕಾಯಲಾಗದ ಜಾಗದಲ್ಲಿ, ಉದಾಹರಣೆಗೆ ಮಕ್ಕಳು ಕಾಲಿಡುವ ದಾರಿಯಲ್ಲಿ, ಗೂಡು ಇದ್ದರೆ ಕುದಿಯುವ ನೀರು ಇದೆ. ಒಂದು ಗೂಡಿಗೆ ಎರಡರಿಂದ ಮೂರು ಗ್ಯಾಲನ್ ಬೇಕು, ಅಂದರೆ ಎಂಟರಿಂದ ಹನ್ನೊಂದು ಲೀಟರ್. ಟೀ ಪಾತ್ರೆಯ ನೀರಿನಿಂದ ಏನೂ ಆಗದು. ಅಷ್ಟು ಸುರಿದರೂ ಸುಮಾರು 60 ಪ್ರತಿಶತ ಸಂದರ್ಭಗಳಲ್ಲಿ ಮಾತ್ರ ಗೂಡು ಸಾಯುತ್ತದೆ. ತಂಪು ರಾತ್ರಿ ಕಳೆದು ಬಿಸಿಲೇರುವ ಬೆಳಗ್ಗೆ ರಾಣಿಯೂ ಮರಿಗಳೂ ಮೇಲ್ಭಾಗಕ್ಕೆ ಬಂದಿರುವಾಗ ಸುರಿಯುವುದು ಉತ್ತಮ. ಬುಡಕ್ಕೆ ಬಿದ್ದರೆ ಬದನೆ ಗಿಡವೂ ಬೇಯುತ್ತದೆ, ಕೈ ಜಾರಿದರೆ ನಿಮ್ಮ ಕಾಲೂ ಬೇಯುತ್ತದೆ ಎಂಬುದನ್ನು ಮರೆಯಬಾರದು. ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ ತಯಾರಾದ ದ್ರಾವಣಗಳೂ ಕೆಲಸ ಮಾಡುತ್ತವೆ, ಅವೂ ಎಲೆಯನ್ನು ಸುಡಬಲ್ಲವು.

ಊರಿನಲ್ಲಿ ಮೆಣಸಿನಕಾಯಿ ಬೆಳೆಗೆ ಅಸಿಫೇಟ್ ಎಂಬ ಕೀಟನಾಶಕ ಹೊಡೆಯುವುದನ್ನು ನೋಡಿದವರು, ಇಲ್ಲಿ ಇರುವೆ ಗೂಡಿಗೆಂದು ಮಾರುವ ಅದೇ ನಾರುವ ಬಿಳಿ ಪುಡಿಯನ್ನು ತರಕಾರಿ ಮಡಿಗೂ ಹಾಕಬಹುದಲ್ಲ ಎಂದು ವಾದಿಸುತ್ತಾರೆ. ಹಾಕಬಾರದು. ಅದು ಗಿಡದ ಬೇರಿನಿಂದ ಒಳಗೆ ಹೀರಲ್ಪಡುವ ವಿಷ, ಆ ಪುಡಿಯ ಲೇಬಲ್ ತರಕಾರಿ ತೋಟಕ್ಕೆ ಅನುಮತಿ ಕೊಡುವುದಿಲ್ಲ, ಮತ್ತು ಈ ದೇಶದಲ್ಲಿ ಕೀಟನಾಶಕವನ್ನು ಲೇಬಲ್‌ಗೆ ವಿರುದ್ಧವಾಗಿ ಬಳಸುವುದು ಅಪರಾಧ. ಸೂಟ್‌ಕೇಸಿನಲ್ಲಿ ಬರುವ ಇರುವೆ ಸೀಮೆಸುಣ್ಣಕ್ಕೂ ಇದೇ ಮಾತು; ಮಕ್ಕಳು ಅದನ್ನು ಬರೆಯುವ ಸೀಮೆಸುಣ್ಣವೆಂದೇ ತಿಳಿಯುತ್ತಾರೆ ಎಂಬ ಕಾರಣಕ್ಕೂ ಇಲ್ಲಿ ಅದರ ಮಾರಾಟ ಕಾನೂನುಬಾಹಿರ.

ಬೆಂಡೆಯ ವಿಷಯದಲ್ಲಿ ನಿಮ್ಮ ಆತಂಕ ನ್ಯಾಯವಾದದ್ದೇ. ಎಳೆ ಮೊಗ್ಗು ಮತ್ತು ಹೂವಿನ ಬುಡವನ್ನು ಈ ಇರುವೆಗಳು ಕಡಿಯುತ್ತವೆ, ಗಿಡಹೇನುಗಳನ್ನು ಅವುಗಳ ಸಿಹಿದ್ರವಕ್ಕಾಗಿ ಕಾಯುತ್ತವೆ. ಅದೇ ಇರುವೆಗಳು ಕಾಯಿಕೊರಕ ಹುಳುಗಳನ್ನೂ ಉಣ್ಣಿಗಳನ್ನೂ ತಿನ್ನುತ್ತವೆ ಎಂಬುದೂ ನಿಜ, ಆದ್ದರಿಂದ ಹಿತ್ತಲಿನ ಮೂಲೆಯಲ್ಲಿ ಯಾರಿಗೂ ಅಡ್ಡಿಯಾಗದ ಒಂದು ಗೂಡಿನ ಮೇಲೆ ದಂಡೆತ್ತಿ ಹೋಗಬೇಕಿಲ್ಲ. ಚಪ್ಪಲಿಯಲ್ಲಿ ತೋಟಕ್ಕೆ ಇಳಿಯಬೇಡಿ, ಬೂಟು ಹಾಕಿಕೊಳ್ಳಿ. ಕಡಿದ ಜಾಗದಲ್ಲಿ ಮರುದಿನ ಏಳುವ ಕೀವಿನಂಥ ಗುಳ್ಳೆಯನ್ನು ಒಡೆಯಬೇಡಿ. ಕಡಿದ ಮೇಲೆ ಉಸಿರು ಕಟ್ಟಿದರೆ, ಮುಖ ಅಥವಾ ನಾಲಗೆ ಊದಿದರೆ ತಕ್ಷಣ 911ಕ್ಕೆ ಕರೆ ಮಾಡಿ.

ನೀವು ಕೇಳಲಿಲ್ಲ, ಆದರೆ ಪತ್ರ ಬರೆಯುವವರಲ್ಲಿ ಅನೇಕರು ಈ ಇರುವೆಯನ್ನು “ನಮ್ಮೂರ ಕೆಂಪಿರುವೆ” ಎಂದೇ ಕರೆಯುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ನಿಮ್ಮ ಹಿತ್ತಲಿನಲ್ಲಿರುವುದು ಸೊಲೆನಾಪ್ಸಿಸ್ ಇನ್‌ವಿಕ್ಟಾ; ದಕ್ಷಿಣ ಅಮೆರಿಕದಿಂದ 1930ರ ದಶಕದಲ್ಲಿ ಅಲಬಾಮಾದ ಮೊಬೀಲ್ ಬಂದರಿಗೆ ಹಡಗಿನಲ್ಲಿ ಬಂದದ್ದು. 1942ರಲ್ಲಿ ಅದರ ಗೂಡನ್ನು ಅಲ್ಲಿ ಗುರುತಿಸಿದವರಲ್ಲಿ ಒಬ್ಬ, ಮುಂದೆ ಇರುವೆಗಳ ಮಹಾವಿದ್ವಾಂಸನಾದ ಇ. ಓ. ವಿಲ್ಸನ್, ಆಗ ಅವನು ಇನ್ನೂ ಹುಡುಗ. ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇದರ ಹತ್ತಿರದ ನೆಂಟನಲ್ಲ. ಅದು ಮರದ ಮೇಲೆ ಎಲೆ ಹೊಲಿದು ಗೂಡು ಕಟ್ಟುತ್ತದೆ, ಕಚ್ಚಿ ಆಮ್ಲ ಚಿಮ್ಮಿಸುತ್ತದೆ, ಕೊಂಡಿಯಿಂದ ಚುಚ್ಚುವುದಿಲ್ಲ. ಆದರೆ ಕರ್ನಾಟಕದ ಹೊಲಗದ್ದೆಗಳಲ್ಲಿ ಕಾಲಿಗೆ ಹತ್ತಿ ಉರಿ ಎಬ್ಬಿಸುವ ಕೆಂಪಿರುವೆಗಳಲ್ಲಿ ಸೊಲೆನಾಪ್ಸಿಸ್ ಜೆಮಿನೇಟಾ ಎಂಬುದೊಂದಿದೆ. ಅದು ಇದರ ದಾಯಾದಿಯೇ, ಮತ್ತು ಅದೂ ಅಮೆರಿಕದ್ದೇ. 16ನೆಯ ಶತಮಾನದಲ್ಲಿ ಮೆಕ್ಸಿಕೋದ ಅಕಾಪುಲ್ಕೊದಿಂದ ಮನಿಲಾಕ್ಕೆ ಹೋಗುತ್ತಿದ್ದ ಸ್ಪೇನ್‌ನ ಹಡಗುಗಳಲ್ಲಿ ಸೇರಿಕೊಂಡು ಅದು ಏಷ್ಯಾ ಮುಟ್ಟಿತೆಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಮೆಣಸಿನಕಾಯಿ ನಮ್ಮಲ್ಲಿಗೆ ಬಂದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ.

ಈ ಜೆಮಿನೇಟಾ ಇನ್‌ವಿಕ್ಟಾಕ್ಕಿಂತ ಹೆಚ್ಚು ಬೀಜಪ್ರಿಯ. ಅದರ ದುಡಿಯುವ ಇರುವೆಗಳಲ್ಲಿ ಕೆಲವಕ್ಕೆ ಬೀಜ ಒಡೆಯಲೆಂದೇ ದೊಡ್ಡ ತಲೆಯಿರುತ್ತದೆ, ಗೂಡಿನಲ್ಲಿ ಬೀಜದ ಉಗ್ರಾಣಗಳಿರುತ್ತವೆ. ಊರಿನ ಅಂಗಳದಲ್ಲಿ ಚೆಲ್ಲಿದ ರವೆಯನ್ನು ಕೆಂಪಿರುವೆಗಳು ಸಾಲುಗಟ್ಟಿ ಹೊತ್ತೊಯ್ದದ್ದನ್ನು ನೀವು ಕಣ್ಣಾರೆ ಕಂಡಿದ್ದರೆ, ಅದು ಸುಳ್ಳಲ್ಲ. ಅವು ಅದನ್ನು ಮರಿಗಳಿಗೆ ಉಣಿಸಿದವು, ಉಳಿದದ್ದನ್ನು ಉಗ್ರಾಣಕ್ಕೆ ಹಾಕಿದವು.