ಕಾರ್ಟೂನ್ ಸಿನಿಮಾ ನೋಡಿ ಅತ್ತ ಮೇಲೆ

ಕುಟುಂಬದ ಕಥೆ ಇರುವ ದೊಡ್ಡ ಅನಿಮೇಷನ್ ಸಿನಿಮಾ ಬಂದಾಗಲೆಲ್ಲ ನನ್ನ ಕೌನ್ಸೆಲಿಂಗ್ ಕೋಣೆಯಲ್ಲಿ ಒಂದೇ ಥರದ ಮಾತು ಕೇಳಿಸುತ್ತದೆ. "ಸ್ನೇಹಿತರ ಜೊತೆ ಹೋಗಿದ್ದೆ ಮೇಡಂ. ಮಕ್ಕಳ ಸಿನಿಮಾ ಅಲ್ವಾ, ಸುಮ್ನೆ ನಕ್ಕು ಬರೋಣ ಅಂತ. ಮಧ್ಯದಲ್ಲಿ ಅಳು ಬಂತು, ನಿಲ್ಲಲೇ ಇಲ್ಲ. ಎಲ್ಲರ ಮುಂದೆ ಮುಜುಗರ ಆಯ್ತು. ನನಗೇನಾದರೂ ಆಗಿದೆಯಾ?" ಹೀಗೆ ಕೇಳುವವರು ಹೆಚ್ಚಾಗಿ ಇಪ್ಪತ್ತು, ಮೂವತ್ತರ ವಯಸ್ಸಿನವರು. ಮನೆಯಲ್ಲಿ ಸಾವಾದಾಗ ಕಣ್ಣೀರು ಹಾಕದೆ ಎಲ್ಲ ಓಡಾಟ ನೋಡಿಕೊಂಡವರೂ ಇವರಲ್ಲಿದ್ದಾರೆ.

ನಿಮಗೇನೂ ಆಗಿಲ್ಲ. ಆದರೆ ಆ ಅಳುವನ್ನು ಒರೆಸಿ ಮರೆತುಬಿಡಬೇಡಿ. ಅದರಲ್ಲಿ ನಿಮ್ಮದೇ ಒಂದು ವಿಷಯ ಇರುತ್ತದೆ, ಮತ್ತು ಅದನ್ನು ಹೊರಗೆ ತರಲು ಪಕ್ಕದಲ್ಲಿ ಕೂತಿದ್ದ ಸ್ನೇಹಿತರಷ್ಟು ಸಹಾಯ ಮಾಡುವವರು ಕಡಿಮೆ.

ಮೊದಲಿಗೆ, "ಮಕ್ಕಳ ಸಿನಿಮಾ" ಅನ್ನುವ ಹೆಸರೇ ನಮ್ಮನ್ನು ಮೈಮರೆಸುತ್ತದೆ. ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ 2014ರಲ್ಲಿ ಒಂದು ಅಧ್ಯಯನ ಬಂದಿತ್ತು. 1937ರ 'ಸ್ನೋ ವೈಟ್'ನಿಂದ 2013ರವರೆಗೆ ತುಂಬಾ ಹಣ ಗಳಿಸಿದ 45 ಮಕ್ಕಳ ಅನಿಮೇಷನ್ ಸಿನಿಮಾಗಳನ್ನು ದೊಡ್ಡವರ ಸಿನಿಮಾಗಳ ಪಕ್ಕ ಇಟ್ಟು ನೋಡಿದ್ದರು. ಅನಿಮೇಷನ್ ಸಿನಿಮಾಗಳ ಮೂರರಲ್ಲಿ ಎರಡು ಪಾಲಿನಲ್ಲಿ ಮುಖ್ಯ ಪಾತ್ರವೊಂದು ತೆರೆಯ ಮೇಲೆ ಸಾಯುತ್ತಿತ್ತು. ದೊಡ್ಡವರ ಸಿನಿಮಾಗಳಲ್ಲಿ ಅರ್ಧ ಪಾಲಿನಲ್ಲಿ ಮಾತ್ರ ಹೀಗಿತ್ತು. ಕಥಾನಾಯಕನ ಅಪ್ಪ ಅಮ್ಮ ಸಾಯುವ ಅಪಾಯವಂತೂ ಅನಿಮೇಷನ್‌ನಲ್ಲಿ ಐದು ಪಟ್ಟು ಜಾಸ್ತಿ. ಗಂಭೀರ ಸಿನಿಮಾಕ್ಕೆ ನಾವು ಮನಸ್ಸು ಗಟ್ಟಿ ಮಾಡಿಕೊಂಡು ಹೋಗುತ್ತೇವೆ. ಇದಕ್ಕೆ ಹಾಗೆ ಹೋಗುವುದಿಲ್ಲ.

ಇನ್ನೊಂದು ಕಾರಣ ಕೈಯಲ್ಲಿ ಬರೆದ ಚಿತ್ರದ್ದೇ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಅನಿಮೇಷನ್ ಮಾಡಿ ಜನರಿಗೆ ತೋರಿಸಿದರು. ಅದರಲ್ಲಿದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಪುಟ್ಟ ವೃತ್ತ, ಬಾಗಿಲಿರುವ ಒಂದು ಆಯತ. ಅಷ್ಟೇ. ಕಣ್ಣಿಲ್ಲ, ಬಾಯಿಲ್ಲ, ಮಾತಿಲ್ಲ. ಆದರೂ ನೋಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದು ಕಥೆ ಹೇಳಿದರು. ದೊಡ್ಡ ತ್ರಿಕೋನ ಪುಂಡ, ವೃತ್ತ ಹೆದರಿದೆ, ಚಿಕ್ಕದು ಅದನ್ನು ಕಾಪಾಡುತ್ತಿದೆ ಅಂತ. ಮೂರು ಆಕಾರಗಳಿಗೇ ಇಷ್ಟು ಜೀವ ಕೊಡುವ ನಾವು, ಬೆನ್ನು ಬಾಗಿದ ಅಜ್ಜಿಯೊಬ್ಬಳು ಮೆಲ್ಲಗೆ ಮೆಟ್ಟಿಲು ಹತ್ತುವುದನ್ನು ನೋಡಿದರೆ ಏನಾಗಬೇಡ! ನಟಿಯೊಬ್ಬರು ಅಜ್ಜಿಯ ಪಾತ್ರ ಮಾಡಿದಾಗ ಅಲ್ಲಿ ಅವರದೇ ಮುಖ ಇರುತ್ತದೆ. ಕಾರ್ಟೂನ್ ಅಜ್ಜಿಯ ಮುಖದಲ್ಲಿ ಇರುವುದು ನಾಲ್ಕೇ ಗೆರೆ. ಉಳಿದದ್ದನ್ನು ನೋಡುವವರು ತಮ್ಮ ಅಜ್ಜಿಯಿಂದ ತುಂಬಿಕೊಳ್ಳುತ್ತಾರೆ. ಇದು ನನ್ನ ಅನುಭವದ ಮಾತು. ಎಷ್ಟೋ ಜನ ಸಿನಿಮಾದ ಪಾತ್ರದ ಬಗ್ಗೆ ಹೇಳುತ್ತಾ ಹೇಳುತ್ತಾ, ತಮಗೇ ಗೊತ್ತಿಲ್ಲದೆ "ನಮ್ಮಜ್ಜಿ" ಅನ್ನತೊಡಗುತ್ತಾರೆ.

ಹಾಗಾಗಿ ನಾನು ಯಾರನ್ನೂ "ಯಾಕೆ ಅತ್ತಿರಿ?" ಅಂತ ಕೇಳುವುದಿಲ್ಲ. ಆ ಪ್ರಶ್ನೆ ಕೇಳಿದರೆ ಜನ ಸಮರ್ಥನೆ ಕೊಡಲು ಶುರು ಮಾಡುತ್ತಾರೆ. ಸಂಗೀತ ಹಾಗಿತ್ತು, ಆ ದಿನ ನಿದ್ದೆ ಸರಿಯಾಗಿರಲಿಲ್ಲ, ಇತ್ಯಾದಿ. "ಯಾವ ದೃಶ್ಯದಲ್ಲಿ ಶುರುವಾಯ್ತು?" ಅಂತ ಕೇಳುತ್ತೇನೆ. ಉತ್ತರ ಸಾವಿನ ದೃಶ್ಯ ಆಗಿರುವುದು ಕಡಿಮೆ. ಎಲ್ಲರೂ ಸಾವಿಗೆ ಅಳುತ್ತಾರೆ ಅಂದುಕೊಂಡಿರುತ್ತೇವೆ. ಆದರೆ ಜನರ ಕಟ್ಟೆ ಒಡೆಯುವುದು ಹೆಚ್ಚಾಗಿ ಅದರ ಆಚೀಚೆ. ಮುನಿಸಿಕೊಂಡಿದ್ದ ಅಪ್ಪ ಒಂದೂ ಮಾತಾಡದೆ ಮಗನ ಮುರಿದ ಆಟಿಕೆ ಸರಿಮಾಡಿ ಬಾಗಿಲ ಬಳಿ ಇಟ್ಟುಹೋಗುವಾಗ. ಓಡಿಹೋಗಿದ್ದ ಮಗಳನ್ನು ಅಮ್ಮ ಬೈಯದೆ ಅಪ್ಪಿಕೊಳ್ಳುವಾಗ. ಒಬ್ಬರು ಇಲ್ಲವಾದ ಮೇಲೂ ಮನೆಯವರೆಲ್ಲ ಕೂತು ನಗುವಾಗ.

ಗುರುತು ಸಿಗದಂತೆ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬ ಯುವಕ, ಸಿನಿಮಾದಲ್ಲಿ ಅಪ್ಪ ಸತ್ತಾಗ ಅಳಲಿಲ್ಲ. ಕೊನೆಗೆ ಅಪ್ಪನ ಹಳೆಯ ಪೆಟ್ಟಿಗೆಯಲ್ಲಿ ಮಗ ಚಿಕ್ಕವನಿದ್ದಾಗ ಬರೆದ ಚಿತ್ರ ಸಿಕ್ಕಾಗ ಬಿಕ್ಕಿ ಬಿಕ್ಕಿ ಅತ್ತ. ಅವನ ಸ್ವಂತ ಅಪ್ಪ ಬದುಕಿದ್ದಾರೆ, ಚೆನ್ನಾಗಿದ್ದಾರೆ. ಮಾತಾಡುತ್ತಾ ಹೋದಂತೆ ಹೊರಬಂದದ್ದು ಸಾವಿನ ಭಯ ಅಲ್ಲ. "ನನ್ನದು ಅಂತ ಅಪ್ಪ ಏನನ್ನಾದರೂ ಎತ್ತಿಟ್ಟುಕೊಂಡಿದ್ದಾರಾ?" ಎಂಬ ಪ್ರಶ್ನೆ. ಅದನ್ನು ಅವನು ಯಾರ ಹತ್ತಿರವೂ ಕೇಳಿರಲಿಲ್ಲ. ತನ್ನನ್ನು ತಾನೂ ಕೇಳಿಕೊಂಡಿರಲಿಲ್ಲ. ಸಿನಿಮಾ ಕೇಳಿತು.

ಅಳು ಬರುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಆಗುತ್ತದಲ್ಲ, ಅದರ ಬಗ್ಗೆಯೂ ಹಲವರಿಗೆ ಗಾಬರಿ. ಭಾವನೆ ಉಕ್ಕಿದಾಗ ಜಾಸ್ತಿ ಗಾಳಿ ಎಳೆದುಕೊಳ್ಳಲು ಗಂಟಲಿನ ದಾರಿ ತೆರೆದುಕೊಳ್ಳುತ್ತದೆ, ನುಂಗುವಾಗ ಅದೇ ದಾರಿ ಮುಚ್ಚಬೇಕು. ಈ ಎಳೆದಾಟವೇ ಆ ಗಂಟು. ಮೂಗು ಸೋರುವುದು ಯಾಕೆಂದರೆ ಕಣ್ಣೀರಿನ ಒಂದು ಪಾಲು ಸಣ್ಣ ನಾಳದ ಮೂಲಕ ಮೂಗಿಗೇ ಇಳಿಯುತ್ತದೆ. ಎರಡೂ ತಾವಾಗಿಯೇ ಹೋಗುತ್ತವೆ. ಕರವಸ್ತ್ರ ತೆಗೆದುಕೊಂಡು ಹೋಗಿ.

ಈಗ ಸ್ನೇಹಿತರ ವಿಷಯಕ್ಕೆ ಬರುತ್ತೇನೆ. ಮನೆಯವರ ಜೊತೆ ನೋಡುವುದಕ್ಕೂ ಸ್ನೇಹಿತರ ಜೊತೆ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಪಕ್ಕದಲ್ಲಿ ಅಮ್ಮ ಕೂತಿದ್ದರೆ, ಅಮ್ಮ ಮಗಳ ದೃಶ್ಯ ಬಂದಾಗ ನಾವು ಬಿಗಿಯಾಗುತ್ತೇವೆ. ಅವರು ನೋಡಿಬಿಟ್ಟರೆ, ಏನಾದರೂ ಕೇಳಿಬಿಟ್ಟರೆ ಅಂತ. ಸ್ನೇಹಿತರ ಪಕ್ಕ ಆ ಹಂಗಿಲ್ಲ. ಅವರು ನಮ್ಮ ಮನೆಯ ಕಥೆಯೊಳಗೆ ಇಲ್ಲ, ಆದರೆ ನಮ್ಮವರು. ಜೊತೆಗೆ ಕತ್ತಲೆ ಇದೆ, ಎಲ್ಲರ ಮುಖ ತೆರೆಯ ಕಡೆಗಿದೆ. ಯಾರೂ ಯಾರ ಕಣ್ಣನ್ನೂ ನೋಡಬೇಕಾಗಿಲ್ಲ. ಮಾತು ಕಷ್ಟವಾಗುವವರಿಗೆ, ಅದರಲ್ಲೂ ಗಂಡಸರಿಗೆ, ಎದುರುಬದುರು ಕೂರುವುದಕ್ಕಿಂತ ಹೀಗೆ ಅಕ್ಕಪಕ್ಕ ಕೂರುವುದು ಎಷ್ಟೋ ಹಗುರ.

ಒಟ್ಟಿಗೆ ಕೂತು ನೋಡಿದ್ದು ದೇಹಕ್ಕೂ ತಟ್ಟುತ್ತದೆ. ಜರ್ಮನಿಯ ಮೈನ್ಸ್ ನಗರದ ರಸಾಯನ ವಿಜ್ಞಾನಿಗಳು ಚಿತ್ರಮಂದಿರದಿಂದ ಹೊರಬರುವ ಗಾಳಿಯನ್ನು ಅಳೆದು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರೆ ಬೇರೆ ಪ್ರದರ್ಶನಗಳಲ್ಲಿ, ಬೇರೆ ಬೇರೆ ಪ್ರೇಕ್ಷಕರಿದ್ದರೂ, ಉಸಿರು ಬಿಗಿಹಿಡಿಸುವ ಅದೇ ದೃಶ್ಯಗಳಲ್ಲಿ ಗಾಳಿಯ ರಾಸಾಯನಿಕ ಅಂಶಗಳು ಒಂದೇ ರೀತಿ ಏರುತ್ತಿದ್ದವು. ಅದೇ ವರ್ಷ ಆಕ್ಸ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನ ಬಂತು. ಗುಂಪಾಗಿ ಕೂತು ಮನಕಲಕುವ ಸಿನಿಮಾ ನೋಡಿದವರು ಆಮೇಲೆ ನೋವನ್ನು ಹೆಚ್ಚು ಹೊತ್ತು ತಾಳಿಕೊಂಡರು, ಜೊತೆಗೆ ಕೂತವರ ಬಗ್ಗೆ ಅವರಿಗೆ ಆಪ್ತತೆಯೂ ಹೆಚ್ಚಿತ್ತು. ಸಾಧಾರಣ ಸಾಕ್ಷ್ಯಚಿತ್ರ ನೋಡಿದವರಲ್ಲಿ ಹೀಗಾಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ದೀಪ ಹತ್ತುತ್ತದೆ. ಅಲ್ಲಿಂದ ಮುಂದಿನ ಅರ್ಧ ಗಂಟೆ ನನಗೆ ಸಿನಿಮಾದಷ್ಟೇ ಮುಖ್ಯ. ದುಃಖದ ಸಂಗತಿ ಅಂದರೆ ಹೆಚ್ಚು ಹಾಳಾಗುವುದೂ ಅದೇ. "ಏಯ್, ಕಾರ್ಟೂನ್ ನೋಡಿ ಅಳ್ತಿದೀಯಲ್ಲೋ!" ಅಂತ ಯಾರೋ ನಗುತ್ತಾರೆ. ಅತ್ತವರೂ ನಕ್ಕು "ಕಣ್ಣಿಗೆ ಏನೋ ಬಿತ್ತು" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಹಾಗೆ ನಕ್ಕವರು ಕೆಟ್ಟವರಲ್ಲ. ಎಷ್ಟೋ ಸಲ ಅವರ ಗಂಟಲೂ ಕಟ್ಟಿರುತ್ತದೆ. ಆದರೂ ಆ ನಗು ಬೇಡ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಸ್ನೇಹಿತರ ಎದುರು ಅತ್ತು ಒಮ್ಮೆ ನಗೆಪಾಟಲಾದವರು, ನಿಜವಾದ ಕಷ್ಟ ಬಂದಾಗ ಆ ಸ್ನೇಹಿತರಿಗೆ ಫೋನ್ ಮಾಡಲು ಹಿಂಜರಿಯುವುದನ್ನು ನೋಡಿದ್ದೇನೆ.

ಇನ್ನೊಂದು ವಿಷಯ ಗೊತ್ತಿರಲಿ. ಅತ್ತ ತಕ್ಷಣ ಹಗುರ ಆಗಿಬಿಡುತ್ತದೆ ಅಂತ ಎಲ್ಲರೂ ನಂಬುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದುಃಖದ ಸಿನಿಮಾ ತೋರಿಸಿ ಜನರ ಮನಸ್ಥಿತಿಯನ್ನು ಮತ್ತೆ ಮತ್ತೆ ಅಳೆದರು. ಅತ್ತವರ ಮನಸ್ಸು ಸಿನಿಮಾ ಮುಗಿದ ಕೂಡಲೇ ಮೊದಲಿಗಿಂತ ಕುಗ್ಗಿತ್ತು. 20 ನಿಮಿಷದಲ್ಲಿ ಮೊದಲಿನ ಮಟ್ಟಕ್ಕೆ ಬಂತು. 90 ನಿಮಿಷದ ಹೊತ್ತಿಗೆ ಸಿನಿಮಾಕ್ಕಿಂತ ಮುಂಚೆ ಇದ್ದದ್ದಕ್ಕಿಂತಲೂ ಚೆನ್ನಾಗಿತ್ತು. ಅಂದರೆ ಹೊರಬಂದ ತಕ್ಷಣ ಭಾರ ಅನ್ನಿಸಿದರೆ "ಯಾಕಾದರೂ ಬಂದೆನೋ" ಅಂತ ತೀರ್ಮಾನಿಸಬೇಡಿ. ಆ ಹೊತ್ತಿನಲ್ಲಿ ಒಬ್ಬರೇ ಗಾಡಿ ಹತ್ತಿ ಹೊರಡುವ ಬದಲು ಗುಂಪಿನ ಜೊತೆ ಸ್ವಲ್ಪ ನಡೆಯಿರಿ. ಕೊನೆಗೆ ತೆರೆಯ ಮೇಲೆ ಹೆಸರುಗಳು ಓಡಿ ಮುಗಿಯುವವರೆಗೆ ಕುರ್ಚಿಯಲ್ಲೇ ಇರಿ. ಗ್ರೂಪ್ ಫೋಟೋ ಕೊಂಚ ತಡವಾದರೂ ನಷ್ಟವಿಲ್ಲ. ಯಾರಾದರೂ ತಮ್ಮ ಮನೆಯ ಮಾತು ತೆಗೆದರೆ ಸಲಹೆ ಕೊಡಲು ಹೋಗಬೇಡಿ, ಕೇಳಿಸಿಕೊಳ್ಳಿ.

ಗುಂಪಿನಲ್ಲಿ ಅಳದವರೂ ಇರುತ್ತಾರೆ. ಅವರನ್ನು ಕಲ್ಲು ಮನಸ್ಸಿನವರು ಅನ್ನುವುದು ಅನ್ಯಾಯ. ಕೆಲವರಿಗೆ ಕಣ್ಣೀರು ಸುಲಭಕ್ಕೆ ಬರುವುದಿಲ್ಲ, ಕೆಲವರಿಗೆ ಆ ಕಥೆ ತಟ್ಟಿರುವುದಿಲ್ಲ, ಕೆಲವರು ತುಂಬಾ ಚಿಕ್ಕವರಿದ್ದಾಗಲೇ ಅಳುವುದನ್ನು ನಿಲ್ಲಿಸಿಕೊಂಡವರು.

ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡ ಸ್ನೇಹಿತರು ನಿಮ್ಮ ಗುಂಪಿನಲ್ಲಿದ್ದರೆ, ಟಿಕೆಟ್ ತೆಗೆಯುವ ಮೊದಲೇ ಕಥೆಯಲ್ಲಿ ಏನಿದೆ ಅಂತ ಅವರಿಗೆ ಹೇಳಿ. ಅಚ್ಚರಿ ಹಾಳಾಗುತ್ತದೆ ಅಂತ ಮುಚ್ಚಿಡಬೇಡಿ. ಬರುತ್ತೇನೆ ಅಂದರೆ ಬರಲಿ, ಸಾಲಿನ ತುದಿಯ ಸೀಟು ಅವರಿಗಿರಲಿ. ನಡುವೆ ಎದ್ದು ಹೋದರೆ ಒಬ್ಬರು ಮಾತ್ರ ಹಿಂದೆ ಹೋಗಿ. ಇಡೀ ಗುಂಪು ಎದ್ದುಬಂದರೆ ಅವರಿಗೆ ಇನ್ನಷ್ಟು ಸಂಕೋಚ. ಹೊರಗೆ ನಿಂತಾಗ "ಒಳಗೆ ಹೋಗೋಣವಾ?" ಅಂತ ಅವಸರ ಮಾಡಬೇಡಿ. ಉಳಿದ ಕಥೆಯನ್ನು ಅವರು ಕೇಳಿದರೆ ಮಾತ್ರ ಹೇಳಿ.